ಒದ್ದೆಯಕ್ಕ ಮಾತು ಹಿಂದಕ್ಕೆ ತೆಗೆದುಕೊಂಡದ್ದು

ಒದ್ದೆಯಕ್ಕ ‘ಒಣಗಿತು’ ಎನ್ನದೆ ಆ ಕ್ಲಬ್ಬಿನ ಆಟದ ಅಂಕಣಕ್ಕೆ ಬಿಸಿಲು ಕೂಡ ಕಿಟಕಿಯಿಂದ ಇಳಿಯುತ್ತಿರಲಿಲ್ಲ ಎಂಬುದು ಊರಿನ ಸರ್ವಸಮ್ಮತ ಇತಿಹಾಸ. ದೇವೇಂದ್ರನೇ ಐರಾವತದ ಮೇಲೆ ಬಂದಿದ್ದರೂ ಆಕೆ ಆನೆಯ ನಾಲ್ಕು ಪಾದಗಳನ್ನೂ ಬಾಗಿಲಲ್ಲೇ ತಡೆದು, “ನಿಲ್ಲಿ, ಒದ್ದೆ ಇದೆ” ಎನ್ನುತ್ತಿದ್ದಳು. ಹೊಸ ಸ್ಕೋರ್ ಬೋರ್ಡನ್ನು ಉದ್ಘಾಟಿಸಲು ಬಂದ ದೊಡ್ಡ ಅಧಿಕಾರಿಯೊಬ್ಬರು ಬಾಗಿಲಲ್ಲಿ ಕಾಲುಚೀಲದಲ್ಲಿ ನಿಂತೇ ಭಾಷಣ ಶುರುಮಾಡಿದರಂತೆ. ಭಾಷಣ ಮುಗಿಯಿತು, ನೆಲ ಒಣಗಲಿಲ್ಲ, ಅವರು ಮನೆಗೆ ಹೋದರು. ಆ ಬೋರ್ಡು ಇವತ್ತಿಗೂ ಉದ್ಘಾಟನೆಯಾಗದೆಯೇ ಕೆಲಸ ಮಾಡುತ್ತಿದೆ. ಒಮ್ಮೆ ಅವಸರದಲ್ಲಿದ್ದ ರೆಫರಿ ಹಲ್ಲಿಯಂತೆ ಗೋಡೆಗಂಟಿಕೊಂಡು, ಪ್ರೇಕ್ಷಕರ ಬೆಂಚಿನಿಂದ ಬೆಂಚಿಗೆ ದಾಟಿ ತನ್ನ ಜಾಗ ಸೇರಿದನಂತೆ. ಕ್ಲಬ್ಬಿನ ಬೆಕ್ಕಂತೂ ಹೊಸ್ತಿಲಲ್ಲಿ ಒಂದು ಪಂಜ ಎತ್ತಿಕೊಂಡು ಅಪ್ಪಣೆಗೆ ಕಾಯುವುದನ್ನು ಕಣ್ಣಾರೆ ಕಂಡವರು ಊರಲ್ಲಿ ನೂರಾರು ಜನ. ಬೆಕ್ಕಿಗಿಂತ ಹೆಚ್ಚು ಸಾಕ್ಷಿಗಳು.

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಹದಿನೆಂಟು ವರ್ಷಗಳ ಹಿಂದೆ ಕ್ಲಬ್ಬಿನ ನೆಲ ಒರೆಸುವ ಕೆಲಸಕ್ಕೆ ಸೇರಿದ ವಾರದಲ್ಲೇ ಒರೆಸಿಹೋಯಿತು.

ಆಕೆಯ ರಾಜ್ಯವೆಂದರೆ ಮರದ ಹಲಗೆಯ ಆ ಬ್ಯಾಸ್ಕೆಟ್‌ಬಾಲ್ ಅಂಕಣ. ಅದನ್ನು ಮನಸ್ಸಿನಲ್ಲೇ ಹನ್ನೊಂದು ಪಟ್ಟಿಗಳಾಗಿ ಸೀಳಿಕೊಂಡಿದ್ದಳು. ಎರಡು ಬಕೆಟ್ಟು: ಒಂದು ಅದ್ದಲು, ಇನ್ನೊಂದು ಹಿಂಡಲು. ಮಾಪನ್ನು ಹಿಂಡಿದರೆ ಅದು ತನ್ನ ಹಿಂದಿನ ಜನ್ಮದ ನೀರನ್ನೂ ಕಕ್ಕಬೇಕು. “ಮರಕ್ಕೆ ನೀರು ಕುಡಿಸಬಾರದು, ನೀರು ತೋರಿಸಬೇಕು ಅಷ್ಟೆ” ಎನ್ನುವುದು ಆಕೆಯ ಶಾಸ್ತ್ರ. ಆಟದ ನಿಯಮಗಳಲ್ಲಿ ಆಕೆಗೆ ತಿಳಿದದ್ದು ಒಂದೇ, ಮುಗಿದ ಮೇಲೆ ಒರೆಸಬೇಕು. ಪಂದ್ಯ ನಡೆಯುವಾಗ ಮೂಲೆಯ ಸ್ಟೂಲಿನ ಮೇಲೆ ಕೂತು ಆಟಗಾರರ ಮುಖ ಬಿಟ್ಟು ಬೂಟುಗಳನ್ನೇ ನೋಡುತ್ತಿದ್ದಳು. ಯಾವ ಬೂಟು ಕರಿ ಗೀರು ಎಳೆಯುತ್ತದೆ, ಯಾವ ಬೂಟು ಮಣ್ಣು ಹೊತ್ತು ತರುತ್ತದೆ ಎಂಬುದೇ ಆಕೆಯ ಮಟ್ಟಿಗೆ ಲೀಗಿನ ನಿಜವಾದ ಪಟ್ಟಿ.

ಆ ಪಟ್ಟಿಯಲ್ಲಿ ಕೊಕ್ಕರೆಗೆ ಮೊದಲ ಸ್ಥಾನ. ಕೊಕ್ಕರೆ ಎಂದರೆ ತಂಡದ ತಾರೆ. ಹದಿನಾಲ್ಕು ವರ್ಷಗಳಿಂದ ಕ್ಲಬ್ಬಿಗೆ ಆಡುತ್ತಿದ್ದ, ಉದ್ದ ಕಾಲಿನ, ಕಡಿಮೆ ಮಾತಿನ ಮನುಷ್ಯ. ಅವನ ಬೂಟು ಗೀರು ಎಳೆಯುತ್ತಿರಲಿಲ್ಲ. ಊರು ಅವನನ್ನು ಅವನು ಹಾಕಿದ ಬುಟ್ಟಿಗಳಿಗಾಗಿ ಪ್ರೀತಿಸಿತ್ತು, ಒದ್ದೆಯಕ್ಕ ಅವನ ಅಂಗಾಲಿಗಾಗಿ.

ಆದರೆ ಆ ವರ್ಷ ತಂಡಕ್ಕೆ ಶನಿ ಹೆಗಲೇರಿತ್ತು. ಹತ್ತು ತಂಡಗಳ ಲೀಗಿನಲ್ಲಿ ಹತ್ತನೆಯದು. ಹನ್ನೊಂದನೆಯ ಸ್ಥಾನ ಇಲ್ಲದ್ದಕ್ಕೆ ಹತ್ತನೆಯದು ಎನ್ನುವವರೂ ಇದ್ದರು. ಎಲ್ಲರಿಗೂ ತಲೆ ಕೆಡಿಸಿದ್ದು ಕೊಕ್ಕರೆಯ ಲೆಕ್ಕಾಚಾರ. ಬೇರೆ ಊರುಗಳಲ್ಲಿ ಆಡಿದಾಗ ಸಿಡಿಲು. ಸ್ವಂತ ಅಂಕಣದಲ್ಲಿ ಮೊದಲರ್ಧ ಗುಡುಗು, ಎರಡನೆಯ ಅರ್ಧದಲ್ಲಿ ತಂಡ ಗಡಿಯಾರದ ಕೆಳಗಿನ ಬುಟ್ಟಿಯ ಕಡೆಗೆ ಆಡತೊಡಗಿದರೆ ಬರೀ ತುಂತುರು. ಎಡಮೂಲೆಯಲ್ಲಿ ಚೆಂಡು ಹಿಡಿದು, ನೆಲಕ್ಕೆ ಒಂದು ಸಲ ಪುಟಿಸಿ, ಹಾರಿ ಹಾಕುವುದು ಅವನ ಹದಿನಾಲ್ಕು ವರ್ಷಗಳ ಬ್ರಹ್ಮಾಸ್ತ್ರ. ಈಗ ಆ ಒಂದು ಪುಟಿತದಲ್ಲೇ ಚೆಂಡು ಅವನ ಕೈ ತಪ್ಪಿ ಎದುರಾಳಿಯ ಪಾಲಾಗುತ್ತಿತ್ತು.

ಆರು ತಿಂಗಳ ಹಿಂದೆ, ಅಂಥದೊಂದು ಸೋಲಿನ ನಂತರ, ಕೊಕ್ಕರೆ ಬೆವರು ಒರೆಸಿಕೊಳ್ಳುತ್ತ ಕೋಚ್ ಬಳಿ ಮೆಲ್ಲಗೆ ಹೇಳಿದ್ದ: “ಸಾರ್, ಆ ಎಡಮೂಲೇಲಿ ನೆಲ ಯಾಕೋ ಸರಿ ಇಲ್ಲ ಅನ್ಸುತ್ತೆ.”

ಪಕ್ಕದಲ್ಲೇ ಮಾಪು ಹಿಡಿದು ಹೋಗುತ್ತಿದ್ದ ಒದ್ದೆಯಕ್ಕನ ಕಿವಿಗೆ ಅದು ಬಿತ್ತು. ನೆಲ ಸರಿ ಇಲ್ಲ! ಹೆತ್ತ ಮಗುವಿಗೆ ಯಾರೋ ಮೆಳ್ಳೆಗಣ್ಣು ಎಂದಂತಾಯಿತು. ತಿರುಗಿ ನೋಡದೆ, ನಡಿಗೆ ನಿಲ್ಲಿಸದೆ, ಇಡೀ ಸಭಾಂಗಣಕ್ಕೆ ಕೇಳುವಂತೆ ಒಂದು ಗಾದೆ ಎಸೆದಳು:

“ಕುಣೀಲಾರದವಳು ನೆಲ ಡೊಂಕು ಅಂದಳಂತೆ!”

ಅದು ಆಕೆಯ ಜೀವಮಾನದ ಅತ್ಯಂತ ದೂರದ ಎಸೆತ. ನೇರವಾಗಿ ಬುಟ್ಟಿಯೊಳಗೇ ಬಿತ್ತು. ಕೋಚ್ ನಕ್ಕ, ತಂಡ ನಕ್ಕಿತು, ಇನ್ನೂ ಎದ್ದಿರದ ನೂರು ಪ್ರೇಕ್ಷಕರು ನಕ್ಕರು. ಮುಂದಿನ ಪಂದ್ಯದಿಂದ ಕೊಕ್ಕರೆಯ ಕೈಯಿಂದ ಚೆಂಡು ಜಾರಿದಾಗಲೆಲ್ಲ ಗ್ಯಾಲರಿಯಿಂದ ಒಂದೇ ಕೂಗು: “ಏನಣ್ಣಾ, ನೆಲ ಡೊಂಕಾ?” ಕೊಕ್ಕರೆ ಮತ್ತೆ ನೆಲದ ಮಾತೆತ್ತಲಿಲ್ಲ.

ಆಮೇಲೆ ಆಚೆದಡದವರ ಪತ್ರ ಬಂತು. ನದಿಯ ಆಚೆ ದಡದ ಕ್ಲಬ್ಬು ಆ ಸಲ ಕಪ್ ಗೆಲ್ಲುವ ಹಂತದಲ್ಲಿತ್ತು, ಅನುಭವಿಯೊಬ್ಬ ಬೇಕಿತ್ತು. ಕೊಕ್ಕರೆಯನ್ನು ಕೊಡಿ, ಬದಲಿಗೆ ನಮ್ಮ ಮೂವರು ಎಳೆಯ ಆಟಗಾರರನ್ನು ತೆಗೆದುಕೊಳ್ಳಿ, ಶನಿವಾರ ಸಂಜೆ ಆರರೊಳಗೆ ಸಹಿ ಆಗಬೇಕು. ಇಷ್ಟೇ ಪತ್ರ. ಊರು ಮಾತ್ರ ಎರಡು ಹೋಳಾಯಿತು.

ಒದ್ದೆಯಕ್ಕನ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿಯೂ ಪತ್ರದ ಚರ್ಚೆ ಊಟದ ತಟ್ಟೆಗಿಂತ ಮೊದಲೇ ಬಂದು ಕೂತಿತ್ತು. ಗಂಡ ಬಸ್ ಡ್ರೈವರು. ಕೊಡಬೇಕು ಎನ್ನುವ ಪಕ್ಷ.

“ಮೂರು ಜನ ಕಣೇ! ಒಬ್ಬನಿಗೂ ಇಪ್ಪತ್ತೊಂದು ದಾಟಿಲ್ಲ. ಎಲ್ಲ ಹೊಸದಾಗಿ ಕಟ್ಟಬಹುದು. ಎರಡು ವರ್ಷ ಸೋಲ್ತೀವಿ, ಮೂರನೇ ವರ್ಷ ನೋಡು.”

“ಸೋಲೋದಕ್ಕೆ ಹೊರಗಿಂದ ಮೂರು ಜನ ಬೇಕಾ? ಅದನ್ನ ನಮ್ಮವರೇ ಚೆನ್ನಾಗಿ ಮಾಡ್ತಿದ್ದಾರಲ್ಲ.”

“ನಿನಗೆ ತಿಳಿಯಲ್ಲ. ಎಂಜಿನ್ ಸುಸ್ತಾದ ಬಸ್ಸಿಗೆ ಹೊಸ ಹಾರನ್ ಹಾಕಿದ್ರೆ ಏರು ಹತ್ತುತ್ತಾ? ಮೂವತ್ಮೂರು ಅವನಿಗೆ. ಎರಡನೇ ಅರ್ಧಕ್ಕೆ ದಮ್ಮೇ ಇರಲ್ಲ.”

“ಬೇರೆ ಊರಲ್ಲಿ ಎಲ್ಲಿಂದ ಬರುತ್ತೆ ದಮ್ಮು?”

“ಅದೇ ನಾನು ಹೇಳೋದು! ಹೊರಗೆ ಹುಲಿ, ಮನೇಲಿ ಇಲಿ. ಅಂದ್ರೆ ಏನರ್ಥ? ಆಚೆದಡದವರಿಗೆ ಮುಖ ತೋರಿಸ್ಕೊಂಡು ಬರ್ತಿದ್ದಾನೆ. ಮನಸ್ಸು ಆಗಲೇ ದೋಣಿ ಹತ್ತಿದೆ.”

ಕಿವಿ ಮಂದವಾದ ಅತ್ತೆ ತಟ್ಟೆಯಿಂದ ತಲೆ ಎತ್ತಿದರು. “ಯಾರ ಕಡೆ ಸಂಬಂಧ?”

“ಸಂಬಂಧ ಅಲ್ಲಮ್ಮ. ಒಬ್ಬನ್ನ ಕೊಟ್ಟು ಮೂರು ಜನ ತಗೊಳ್ಳೋದು.”

“ಹುಡುಗ ಏನು ಮಾಡ್ಕೊಂಡಿದ್ದಾನೆ?”

“ಆಡ್ಕೊಂಡಿದ್ದಾನೆ.”

“ವಯಸ್ಸು?”

“ಮೂವತ್ಮೂರು!”

“ಮೂವತ್ಮೂರಕ್ಕೂ ಇನ್ನೂ ಆಡ್ಕೊಂಡೇ ಇದ್ದಾನಾ? ಕೊಟ್ಟುಬಿಡಿ ಮೊದಲು, ಅವರು ಮನಸ್ಸು ಬದಲಾಯಿಸೋದರೊಳಗೆ.”

ಇಡೀ ಊರಿನಲ್ಲಿ ಅಷ್ಟು ಸ್ಪಷ್ಟವಾದ ತೀರ್ಮಾನ ಕೊಟ್ಟವರು ಇನ್ನೊಬ್ಬರಿರಲಿಲ್ಲ. ಒದ್ದೆಯಕ್ಕ ತಟ್ಟೆಗಳನ್ನು ಎತ್ತಿದಳು. ಆಕೆಗೆ ಕೆಲವು ತಿಂಗಳಿಂದ ಇನ್ನೊಂದು ಚಿಂತೆ ಇತ್ತು, ಯಾರಿಗೂ ಹೇಳುವಂಥದ್ದಲ್ಲ. ಮೊದಲು ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಪಟ್ಟಿಯೂ ಒಣಗುತ್ತಿತ್ತು. ಈಗ ಒಂಬತ್ತನೆಯ ಪಟ್ಟಿಯ ತುದಿ ಮಾತ್ರ ನಲವತ್ತು ನಿಮಿಷವಾದರೂ ಮಂಕಾಗಿಯೇ ಇರುತ್ತಿತ್ತು. ಜನ ಬಾಗಿಲಲ್ಲಿ ಎರಡರಷ್ಟು ಹೊತ್ತು ನಿಂತು, ಅಕ್ಕನಿಗೆ ವಯಸ್ಸಾದಂತೆ ಗತ್ತು ಹೆಚ್ಚಾಯಿತು ಎಂದುಕೊಂಡರು. ಅಕ್ಕ ಮೋಡದ ಮೇಲೆ ತಪ್ಪು ಹೊರಿಸಿದಳು, ಆಮೇಲೆ ಕಿಟಕಿಯ ಮೇಲೆ, ಆಮೇಲೆ ಹೊಸ ಮಾಪಿನ ಮೇಲೆ. ನೆಲದ ಮೇಲೆ ಹೊರಿಸಲು ಮಾತ್ರ ಮನಸ್ಸು ಬರಲಿಲ್ಲ.

ಗುರುವಾರ ಮಧ್ಯಾಹ್ನ ಕೊಕ್ಕರೆ ಒಬ್ಬನೇ ಬಂದು ಅಭ್ಯಾಸ ಮಾಡುತ್ತಿದ್ದ. ಗಡಿಯಾರದ ಕೆಳಗಿನ ಬುಟ್ಟಿಗೆ ಬಲದಿಂದ ಹಾಕಿದ, ನಡುವಿನಿಂದ ಹಾಕಿದ. ಎಡಮೂಲೆ ಬಂದಾಗ ಮಾತ್ರ ಕೆಸರು ಕಂಡ ಹೆಂಗಸು ಸೀರೆ ಎತ್ತಿ ಸುತ್ತಿ ಹೋಗುವಂತೆ ಆ ಜಾಗವನ್ನು ತಪ್ಪಿಸಿಕೊಂಡು ಹೋದ. ಆ ಬೂಟುಗಳನ್ನೇ ನೋಡುತ್ತ ಕೂತಿದ್ದ ಒದ್ದೆಯಕ್ಕನಿಗೆ ಆಶ್ಚರ್ಯವಾಯಿತು.

“ಯಾಕಪ್ಪಾ, ಆ ಮೂಲೇಲಿ ಆಡಲ್ವಾ?”

“ಬೇಡ ಬಿಡಿ ಅಕ್ಕ.”

“ಅಲ್ಲೇನಾಗಿದೆ?”

ಅವನು ನಕ್ಕ. ಸೋತವರಿಗೆ ಒಂದು ನಗುವಿರುತ್ತದಲ್ಲ, ಅದು. “ನೆಲ ಸರಿಯಾಗಿದೆ ಅಕ್ಕ. ನಾನೇ ಕುಣೀಲಾರದವಳು.”

ಚೆಂಡನ್ನು ಬೆಂಚಿನ ಮೇಲಿಟ್ಟು ಸ್ನಾನಕ್ಕೆ ಹೋದ.

ಹದಿನೆಂಟು ವರ್ಷಗಳಲ್ಲಿ ಒದ್ದೆಯಕ್ಕ ಚೆಂಡನ್ನು ಮುಟ್ಟಿದ್ದು ಅದನ್ನು ಮಾಪಿನ ದಾರಿಯಿಂದ ಆಚೆ ಸರಿಸಲು ಮಾತ್ರ. ಈಗ ಎರಡೂ ಕೈಯಲ್ಲಿ ಎತ್ತಿಕೊಂಡಳು. ಮೊದಲ ಪಟ್ಟಿಯಲ್ಲಿ ಹೆಗಲೆತ್ತರದಿಂದ ಬಿಟ್ಟಳು: ಟಕ್. ಚೆಂಡು ಸೊಂಟದವರೆಗೆ ಬಂತು. ಐದನೆಯ ಪಟ್ಟಿ: ಟಕ್, ಸೊಂಟ. ಒಂಬತ್ತನೆಯ ಪಟ್ಟಿಯ ತುದಿ, ಅಂದರೆ ಅದೇ ಎಡಮೂಲೆ: ದಪ್. ಮೊಣಕಾಲು. ಇನ್ನೊಮ್ಮೆ ಬಿಟ್ಟಳು. ದಪ್. ಹನ್ನೆರಡು ಸಲ ಬಿಟ್ಟಳು. ಹನ್ನೆರಡು ಸಲವೂ ನೆಲ ಚೆಂಡನ್ನು ಅರ್ಧ ಹಿಂದಕ್ಕೆ ಕೊಟ್ಟು ಅರ್ಧ ನುಂಗಿಕೊಂಡಿತು. ಮಂಡಿಯೂರಿ ಕೆನ್ನೆಯನ್ನು ಹಲಗೆಗೆ ಆನಿಸಿ ನೋಡಿದಳು. ಕಣ್ಣಿಗೆ ಕಾಣದಷ್ಟು, ಕೆನ್ನೆಗೆ ಮಾತ್ರ ತಿಳಿಯುವಷ್ಟು ನೆಲ ಕುಸಿದಿತ್ತು. ತಣ್ಣಗಿತ್ತು.

ಆ ಮೂಲೆಯನ್ನು ತಂಡದಲ್ಲಿ ಬೇರೆ ಯಾರೂ ತುಳಿಯುತ್ತಿರಲಿಲ್ಲ. ಕೋಚ್ ಅದನ್ನು ಕೊಕ್ಕರೆಗೇ ಬರೆದುಕೊಟ್ಟಿದ್ದ. ಎದುರಾಳಿಗಳಲ್ಲೂ ಯಾರಿಗೂ ಆ ಮೂಲೆಯ ಮೋಹವಿರಲಿಲ್ಲ. ಇಡೀ ಜಗತ್ತಿನಲ್ಲಿ ಸತ್ಯ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಅದನ್ನು ಹೇಳಿದ್ದ. ಅವನ ಬಾಯಿ ಮುಚ್ಚಿಸಿದ್ದು ಯಾರು?

ಒದ್ದೆಯಕ್ಕ ಎದ್ದು ಕೂತಳು. ಬಕೆಟ್ಟಿನ ನೀರಲ್ಲಿ ಕಂಡ ಮುಖವನ್ನು ನೋಡಲಿಚ್ಛಿಸದೆ ಮಾಪು ಅದ್ದಿ ಕಲಕಿದಳು.

ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡನನ್ನು ಮೆಟ್ಟಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದಳು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

“ಸುಮ್ನಿರು. ಬಾಯಿ ಬಿಟ್ರೆ ಬಣ್ಣಗೇಡು. ನಿಮ್ಮ ಕ್ಲಬ್ಬಿನ ಕಾರ್ಯದರ್ಶಿ ನೆಲ ಒರೆಸೋ ಮಿಷನ್ನಿನ ಚಿತ್ರ ಮೇಜಿನ ಗಾಜಿನ ಕೆಳಗೆ ಇಟ್ಕೊಂಡು ದಿನಾ ನೋಡ್ತಾನಂತೆ. ನೆಲ ಹಾಳಾಗಿದೆ ಅಂತ ನೀನೇ ಹೋಗಿ ಹೇಳಿದ್ರೆ, ನಿನ್ನ ನೀರಿಂದಾನೇ ಹಾಳಾಯ್ತು ಅಂತಾನೆ. ಮೊದಲು ಹೋಗೋಳು ನೀನು.”

“ಹೇಳದಿದ್ರೆ ಅವನು ಹೋಗ್ತಾನೆ.”

“ಅವನು ಹೇಗೂ ಮುದುಕ ಆದ ಅಲ್ವೇನೆ?”

“ಮುದುಕ ಆಗಿ ಹೋಗಲಿ. ನನ್ನ ಗಾದೆಯಿಂದ ಯಾಕೆ ಹೋಗಬೇಕು?”

ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಎದುರಿಗೆ ಲಾರಿ ಬಂದರೆ ಯಾವಾಗ ಪಕ್ಕಕ್ಕೆ ಸರಿಯಬೇಕೆಂದು ಗೊತ್ತಿರುತ್ತದೆ. ಸರಿದ.

ಶನಿವಾರ ನಾಲ್ಕು ಗಂಟೆಗೆ ಕ್ಲಬ್ಬಿನ ಕಚೇರಿಯಲ್ಲಿ ಸಮಿತಿ ಕೂತಿತ್ತು: ಕಾರ್ಯದರ್ಶಿ, ಕೋಚ್, ಇನ್ನೂ ಐವರು. ಪತ್ರಗಳು ಮೇಜಿನ ಮೇಲಿದ್ದವು, ಪೆನ್ನಿನ ಮುಚ್ಚಳ ತೆಗೆದಿತ್ತು. ಒದ್ದೆಯಕ್ಕ ಬಾಗಿಲು ತಟ್ಟದೆ ಒಳಬಂದಳು, ಸೊಂಟದ ಮೇಲೆ ಕೂಸಿನಂತೆ ಚೆಂಡು.

“ಏನಕ್ಕ, ಈ ರೂಮೂ ಒದ್ದೆ ಇದೆಯಾ?” ಎಂದ ಕೋಚ್. ಸಮಿತಿ ನಕ್ಕಿತು.

“ಸಹಿ ಹಾಕೋಕ್ಮುಂಚೆ ಎಲ್ಲರೂ ಒಂದು ಸಲ ಹೊರಗೆ ಬನ್ನಿ. ಬೂಟು ಬಿಚ್ಚಿ.”

ಆ ದನಿಗೆ ಆ ಕಟ್ಟಡದಲ್ಲಿ ಎದುರು ಮಾತಾಡಿದವರಿಲ್ಲ. ಏಳು ಜನ ಗೌರವಾನ್ವಿತರು ಕಾಲುಚೀಲದಲ್ಲಿ ಸಾಲಾಗಿ ಹೊರಬಂದರು. ಅವರಲ್ಲಿ ಒಬ್ಬರ ಹೆಬ್ಬೆರಳು ಚೀಲದ ತೂತಿನಿಂದ ಹೊರಗೆ ಇಣುಕಿ ಸಭೆಯಲ್ಲಿ ಎಂಟನೆಯ ಸದಸ್ಯನಾಗಿ ಭಾಗವಹಿಸಿತು. ಒದ್ದೆಯಕ್ಕ ಚೆಂಡನ್ನು ಕೋಚ್ ಕೈಗಿತ್ತಳು. ಅವನು ಅಲ್ಲಲ್ಲಿ ಬಿಟ್ಟ. ಟಕ್, ಟಕ್, ಟಕ್. ಎಡಮೂಲೆಯಲ್ಲಿ ಬಿಟ್ಟ.

ದಪ್.

ಕೋಚ್ ಮತ್ತೆ ಬಿಟ್ಟ. ಮತ್ತೆ ಬಿಟ್ಟ. ಅವನ ಮುಖದ ನಗು ಚೆಂಡಿನ ಜೊತೆಗೇ ಇಳಿಯಿತು.

“ಚೆಂಡಲ್ಲಿ ಗಾಳಿ ಕಮ್ಮಿ ಇರಬೇಕು,” ಎಂದರು ಕಾರ್ಯದರ್ಶಿ.

“ಗಾಳಿ ಈ ಮೂಲೆಗೆ ಬಂದಾಗ ಮಾತ್ರ ಕಮ್ಮಿ ಆಗುತ್ತಾ ಸಾರ್?”

ಒದ್ದೆಯಕ್ಕ ಸೆರಗು ಬಿಗಿದುಕೊಂಡಳು. ಯುದ್ಧಕ್ಕೆ ಹೊರಟ ವೀರರು ಕತ್ತಿ ಹಿರಿಯುವಾಗ ಹೇಗೆ ಕಾಣುತ್ತಾರೋ ಯಾರು ಬಲ್ಲರು; ಆಕೆ ಆ ಹೊತ್ತಿಗೆ ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದವಳಂತೆ ಕಂಡಳು.

“ಆರು ತಿಂಗಳ ಹಿಂದೆ ಕೊಕ್ಕರೆ ನೆಲ ಸರಿ ಇಲ್ಲ ಅಂದ. ನಾನು ಗಾದೆ ಹೇಳಿದೆ. ನೀವೆಲ್ಲ ನಕ್ಕಿರಿ. ಆ ಮಾತು ವಾಪಸ್ ತಗೊಂಡಿದ್ದೀನಿ. ನೆಲ ಡೊಂಕು. ನನ್ನ ನೆಲ. ಡೊಂಕೇ.”

“ಹದಿನೆಂಟು ವರ್ಷದಿಂದ ನೀವೇ ತಾನೆ ಒರೆಸ್ತಿರೋದು?” ಕಾರ್ಯದರ್ಶಿ ಕಾದಿದ್ದವರಂತೆ ಕೇಳಿದರು. “ನೀರು ಸುರಿದೂ ಸುರಿದೂ ಕೊಳೆಸಿದ್ದೀರಿ.”

“ಕೊಳೆತಿರೋದು ನೀರಿಂದಾನೇ. ನನ್ನ ನೀರೋ ಬೇರೆ ನೀರೋ ಹಲಗೆ ಎಬ್ಬಿಸಿ ನೋಡಿ. ನನ್ನದಾದ್ರೆ ಸೋಮವಾರದಿಂದ ನಿಮ್ಮ ಮಿಷನ್ ತರಿಸ್ಕೊಳ್ಳಿ. ನಾನು ಬಕೆಟ್ ತಗೊಂಡು ಹೋಗ್ತೀನಿ. ಬಕೆಟ್ ನನ್ನ ಸ್ವಂತದ್ದು.”

ಗಡಿಯಾರ ಐದು ತೋರಿಸಿತು. ಕಾರ್ಯದರ್ಶಿ ಪತ್ರವಿದ್ದ ಕಚೇರಿಯ ಕಡೆಗೆ ಕೈ ತೋರಿಸಿ ಕೇಳಿದರು: “ಆಯ್ತು. ನೆಲ ಸರಿಯಾಗುತ್ತೆ ಅಂತಿಟ್ಕೊಳ್ಳಿ. ಅವನ ವಯಸ್ಸು ಸರಿಯಾಗುತ್ತಾ? ಇನ್ನೆರಡು ವರ್ಷಕ್ಕೆ ಅವನನ್ನ ಪುಕ್ಕಟೆ ಕೊಡ್ತೀವಿ ಅಂದ್ರೂ ಕೇಳೋರಿರಲ್ಲ.”

ಆ ಮನುಷ್ಯನಿಗೆ ಅನ್ಯಾಯ ಮಾಡಬಾರದು. ಪ್ರಶ್ನೆ ನ್ಯಾಯವಾದದ್ದೇ. ಕೋಚ್ ಚೆಂಡನ್ನು ಕೈಯಲ್ಲೇ ತಿರುಗಿಸಿದ.

“ಸಾರ್, ಅವನು ಆಡೋಕಾಗದವನೋ, ನಾವು ಆಡೋಕೆ ಬಿಡದವರೋ, ಅದೇ ಇನ್ನೂ ಗೊತ್ತಿಲ್ಲ. ಹೊಸ ತಂಡ ಕಟ್ಟೋಣ ಅಂತೀರಿ. ಯಾವುದರ ಮೇಲೆ? ಆ ಮೂರು ಜನ ಬಂದ್ರೂ ಇದೇ ಮೂಲೇಲಿ ತಾನೆ ನಿಲ್ಲಬೇಕು? ಆರು ತಿಂಗಳಾದ ಮೇಲೆ ಅವರನ್ನೂ ಇನ್ಯಾರಿಗೋ ಕೊಡ್ತೀವಿ.”

ಕೈ ಎತ್ತಿಸಿದರು. ನಾಲ್ಕು ಕೈ ಉಳಿಸಿಕೊಳ್ಳುವ ಕಡೆ, ಮೂರು ಕೊಡುವ ಕಡೆ. ಆರು ಗಂಟೆಗೆ ಪತ್ರ ಸಹಿಯಿಲ್ಲದೆ ಮಡಚಿಕೊಂಡಿತು.

ಭಾನುವಾರ ಬಡಗಿ ಬಂದು ಹಲಗೆ ಎಬ್ಬಿಸಿದ. ಒದ್ದೆಯಕ್ಕ ಆಪರೇಷನ್ ಕೋಣೆಯ ಹೊರಗಿನ ತಾಯಿಯಂತೆ ಸ್ಟೂಲಿನ ತುದಿಯಲ್ಲಿ ಕೂತಿದ್ದಳು; ಕಾರ್ಯದರ್ಶಿ ಆಕೆಯ ಹಿಂದೆಯೇ ನಿಂತಿದ್ದರು. ಗೋಡೆಯಾಚೆಯ ಸ್ನಾನದ ಕೋಣೆಯಿಂದ ಬಂದ ಪೈಪಿನ ಗಂಟು ಸಡಿಲವಾಗಿ, ಹನಿ ಹನಿಯಾಗಿ ಜಿನುಗಿ, ಹಲಗೆ ಹೊತ್ತ ತೊಲೆ ಹಿಟ್ಟಾಗಿತ್ತು. ಅದರ ಮೇಲೆ ಛತ್ರಿ ಬಿಚ್ಚಿದ ಅಣಬೆಗಳು, ಮುಂದಿನ ಪಂದ್ಯದ ಟಿಕೆಟ್ಟಿಗೆ ಸಾಲು ನಿಂತವರಂತೆ.

ಬಡಗಿ ಹಲಗೆಯ ತುಂಡೊಂದನ್ನು ಬೆಳಕಿಗೆ ಹಿಡಿದ. “ಕೆಳಗಿಂದ ಕೊಳೆತಿದೆ. ಮೇಲಿಂದ ಒಂದು ಹನಿ ಇಳಿದಿಲ್ಲ ನೋಡಿ, ಕೂದಲೆಳೆಯಷ್ಟೂ ಇಲ್ಲ. ಯಾರಪ್ಪ ಇದನ್ನ ಒರೆಸೋರು?”

ಕಾರ್ಯದರ್ಶಿ ಕೆಮ್ಮಿದರು. ಆ ಕೆಮ್ಮನ್ನು ಕ್ಷಮಾಪಣೆ ಎಂದು ತಿಳಿಯಬೇಕೆಂದು ಆಮೇಲೆ ಎಲ್ಲರೂ ಒಪ್ಪಿಕೊಂಡರು. ಮಿಷನ್ನಿನ ಚಿತ್ರ ಮೇಜಿನ ಗಾಜಿನ ಕೆಳಗಿಂದ ಕಾಣೆಯಾಯಿತು.

ಹೊಸ ತೊಲೆ, ಹೊಸ ಹಲಗೆ ಬಿದ್ದ ಮೇಲಿನ ಮೊದಲ ಪಂದ್ಯ. ಎರಡನೆಯ ಅರ್ಧದಲ್ಲಿ ಕೊಕ್ಕರೆ ಎಡಮೂಲೆಗೆ ಬಂದು ಚೆಂಡು ಹಿಡಿದ. ಆರು ತಿಂಗಳ ಭಯ ಒಂದು ಭಾನುವಾರದಲ್ಲಿ ಹೋಗುತ್ತದೆಯೆ? ಚೆಂಡು ಜಾರಿತು. ಗ್ಯಾಲರಿ ಅಭ್ಯಾಸಬಲದಿಂದ ಕೂಗಿತು: “ಏನಣ್ಣಾ, ನೆಲ ಡೊಂಕಾ?”

ಒದ್ದೆಯಕ್ಕ ಸ್ಟೂಲಿನಿಂದ ಎದ್ದಳು. ಮಾಪು ಭೀಮನ ಗದೆಯಂತೆ ಹೆಗಲೇರಿತ್ತು.

“ಹೌದು ಕಣ್ರೋ, ಡೊಂಕೇ ಇತ್ತು! ಇವನು ಹೇಳಿದ್ದೇ ಸರಿ. ತಪ್ಪು ಹೇಳಿದ್ದು ನಾನು! ಇನ್ನು ಯಾರಾದ್ರೂ ಆ ಮಾತು ಕೂಗಿದ್ರೆ ಗ್ಯಾಲರೀನೂ ಒರೆಸ್ತೀನಿ, ಕೂತಿರೋರ ಸಮೇತ!”

ರೆಫರಿ ಸೀಟಿ ಊದುವುದನ್ನು ಮರೆತ. ಆಮೇಲೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಡ್ರೈವರ್ ಯೂನಿಫಾರ್ಮಿನಲ್ಲೇ ಬಂದಿದ್ದ ಒಬ್ಬ ಮನುಷ್ಯ ಮಾತ್ರ ಪಕ್ಕದವನಿಗೆ, “ನಮ್ಮನೆಯವಳೇ. ಮನೇಲೂ ಹೀಗೇ” ಎಂದು ಹೆಮ್ಮೆಯಿಂದ ದೂರಿದ. ಕೊಕ್ಕರೆ ಮತ್ತೆ ಮೂಲೆಗೆ ಬಂದ. ಟಕ್. ಹಾರಿದ. ಉಳಿದದ್ದನ್ನು ಉದ್ಘಾಟನೆಯಾಗದ ಆ ಬೋರ್ಡು ಹೇಳಿತು.

ಕಪ್ ಗೆದ್ದರು ಎಂದು ಬರೆಯಲು ಯಾರಿಗೂ ಆಸೆಯಾದೀತು. ಗೆಲ್ಲಲಿಲ್ಲ. ಸ್ವಂತ ಅಂಕಣದಲ್ಲಿ ಉಳಿದಿದ್ದ ನಾಲ್ಕು ಪಂದ್ಯಗಳಲ್ಲಿ ಮೂರು ಗೆದ್ದು, ಹತ್ತನೆಯವರು ಏಳನೆಯವರಾದರು. ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಮುಂದಿನ ವರ್ಷ ಮತ್ತೆ ಬರುತ್ತದೆ, ಆಗ ಬಹುಶಃ ಕೊಡಲೇಬೇಕಾಗುತ್ತದೆ ಎಂದು ಕೋಚ್ ಎಲ್ಲರೆದುರೇ ಹೇಳಿದ. ಕೊಕ್ಕರೆಯೂ ಹೂಂ ಎಂದ. ಆ ಹೂಂ ಹೇಳುವಾಗ ಅವನು ತಲೆ ತಗ್ಗಿಸಲಿಲ್ಲ.

ಕೊನೆಯ ಪಂದ್ಯದ ಮರುದಿನ ಒದ್ದೆಯಕ್ಕ ಹಿತ್ತಲಿನ ನಲ್ಲಿಯ ಬಳಿ ಮಾಪು ಹಿಂಡುತ್ತಿದ್ದಾಗ ಕೊಕ್ಕರೆ ಬಂದು ನಿಂತ. ಉದ್ದನೆಯ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

“ಅಕ್ಕ, ಒಂದು ಮಾತು ಕೇಳಲಾ? ಅವತ್ತು ಕೆಲಸಾನೇ ಪಣಕ್ಕಿಟ್ರಿ. ಅಷ್ಟು ಜನರ ಮುಂದೆ ನಿಮ್ಮ ನೆಲಾನ ನೀವೇ ಡೊಂಕು ಅಂದ್ರಿ. ನನ್ನ ಸ್ವಂತ ಅಕ್ಕ ಇದ್ದಿದ್ರೂ ಅಷ್ಟು ಮಾಡ್ತಿರಲಿಲ್ಲ. ನನಗೋಸ್ಕರ ಯಾಕೆ…”

ಒದ್ದೆಯಕ್ಕ ಮಾಪನ್ನು ಇನ್ನೊಂದು ಸುತ್ತು ತಿರುವಿದಳು.

“ನಿನಗೋಸ್ಕರ ಯಾರಪ್ಪ ಮಾಡಿದ್ರು? ನೀನೊಬ್ಬ ಹೋಗಿದ್ರೆ ಮೂರು ಜನ ಬರ್ತಿದ್ರು. ಎರಡು ಬೂಟಿನ ಜಾಗಕ್ಕೆ ಆರು. ಒರೆಸೋರು ಯಾರು?”